ಮಾತಿಲ್ಲದ ಉತ್ತಮ ಪುರುಷ: ‘ಹಾಫ್-ಲೈಫ್ 2’ ಆಟದ ಶಕ್ತಿ ಮತ್ತು ಮಿತಿ

ಕನ್ನಡ ವ್ಯಾಕರಣದಲ್ಲಿ ‘ನಾನು’, ‘ನಾವು’ ಎಂಬುವು ಉತ್ತಮ ಪುರುಷ ಸರ್ವನಾಮಗಳು. ಮಾತನಾಡುವವನೇ ಉತ್ತಮ ಪುರುಷ. ಮಾತೇ ಇಲ್ಲದ ಕಡೆ ಪುರುಷಭೇದಕ್ಕೆ ಅರ್ಥವಿಲ್ಲ. ವಿಡಿಯೋ ಗೇಮುಗಳಲ್ಲಿ ‘ಫಸ್ಟ್ ಪರ್ಸನ್ ಶೂಟರ್’ ಎಂದು ಹೆಸರಾದ ಪ್ರಕಾರವು ಈ ಉತ್ತಮ ಪುರುಷವನ್ನು ನಾಲಗೆಯಿಂದ ಕಣ್ಣಿಗೆ ವರ್ಗಾಯಿಸಿತು. ಆಡುವವರು ಪಾತ್ರವೊಂದರ ಕಣ್ಣಿನಿಂದ ಲೋಕವನ್ನು ನೋಡುತ್ತಾರೆ. ಪರದೆಯ ಕೆಳಅಂಚಿನಲ್ಲಿ ಕಾಣುವುದು ಆಯುಧ ಹಿಡಿದ ಕೈ ಮಾತ್ರ. ‘ನಾನು’ ಎಂದು ಒಮ್ಮೆಯೂ ಹೇಳದ ಉತ್ತಮ ಪುರುಷನೊಬ್ಬನು ಒಂದು ದೀರ್ಘ ಕಥನವನ್ನು ಹೊತ್ತು ನಡೆಯಬಲ್ಲನೇ ಎಂಬ ಪ್ರಶ್ನೆಯನ್ನು ಈ ಪ್ರಕಾರದಲ್ಲಿ ಅತ್ಯಂತ ಗಂಭೀರವಾಗಿ ಎತ್ತಿಕೊಂಡ ಕೃತಿಗಳಲ್ಲಿ, ಅಮೆರಿಕದ ವಾಲ್ವ್ ಸಂಸ್ಥೆಯು 2004ರ ನವೆಂಬರ್ 16ರಂದು ಬಿಡುಗಡೆ ಮಾಡಿದ ‘ಹಾಫ್-ಲೈಫ್ 2’ ಮುಖ್ಯವಾದುದು. 1998ರ ‘ಹಾಫ್-ಲೈಫ್’ ಆಟದ ಉತ್ತರಭಾಗವಿದು. ಎರಡರ ಕಥನವನ್ನೂ ರೂಪಿಸಿದವರು ಅದಕ್ಕೂ ಮೊದಲೇ ಕಾದಂಬರಿಕಾರರಾಗಿದ್ದ ಮಾರ್ಕ್ ಲೇಯ್ಡ್ಲಾ.

ಮೊದಲ ಆಟದ ನಾಯಕ ಗಾರ್ಡನ್ ಫ್ರೀಮನ್ ಭೌತವಿಜ್ಞಾನಿ. ಬ್ಲ್ಯಾಕ್ ಮೆಸಾ ಎಂಬ ಗುಪ್ತ ಸಂಶೋಧನಾಲಯದಲ್ಲಿ ಅವನೇ ಪಾಲ್ಗೊಂಡ ಪ್ರಯೋಗವೊಂದು ಕೈಮೀರಿ, ಅನ್ಯಲೋಕದ ಜೀವಿಗಳು ಭೂಮಿಗೆ ನುಗ್ಗುತ್ತವೆ. ಉತ್ತರಭಾಗದಲ್ಲಿ ಸುಮಾರು ಎರಡು ದಶಕಗಳು ಕಳೆದಿವೆ. ಆ ಅವಘಡದ ಬೆನ್ನಿಗೆ ಕಂಬೈನ್ ಎಂಬ ಬಹುಲೋಕ ಸಾಮ್ರಾಜ್ಯ ಭೂಮಿಗೆ ಬಂದಿದೆ. ಮನುಷ್ಯಕುಲ ಏಳೇ ಗಂಟೆಗಳಲ್ಲಿ ಶರಣಾಗಿದೆ. ಬ್ಲ್ಯಾಕ್ ಮೆಸಾದ ಆಡಳಿತಾಧಿಕಾರಿಯಾಗಿದ್ದ ವಾಲೆಸ್ ಬ್ರೀನ್ ಈಗ ಸಾಮ್ರಾಜ್ಯದ ಪರವಾಗಿ ಭೂಮಿಯನ್ನು ಆಳುತ್ತಿದ್ದಾನೆ. ಇಷ್ಟು ಕಾಲ ಎಲ್ಲೋ ಅಮಾನತ್ತಿನಲ್ಲಿದ್ದ ಫ್ರೀಮನ್‌ನನ್ನು ಜಿ-ಮ್ಯಾನ್ ಎಂಬ ನಿಗೂಢ ವ್ಯಕ್ತಿ ಎಬ್ಬಿಸಿ, ಪೂರ್ವ ಯೂರೋಪಿನ ‘ಸಿಟಿ 17’ ಎಂಬ ನಗರಕ್ಕೆ ಹೊರಟ ರೈಲಿನೊಳಗೆ ಬಿಡುತ್ತಾನೆ. ಆಟ ಅಲ್ಲಿಂದ ತೊಡಗುತ್ತದೆ.

ಈ ಕೃತಿಯಲ್ಲಿ ಎರಡು ಮೌನಗಳಿವೆ. ಒಂದು ನಾಯಕನದು, ಅದು ಬೇಕೆಂದೇ ಆರಿಸಿಕೊಂಡ ಕಥನತಂತ್ರ. ಇನ್ನೊಂದು ನಗರದ್ದು, ಅಲ್ಲಿಯ ಗೋಡೆಗಳಿಗೆ ಲಿಪಿಯಿದೆ, ಜನರಿಗೆ ತಮ್ಮ ನೆಲದ ಮಾತಿಲ್ಲ. ಅದರ ಬಗ್ಗೆ ಆಟಕ್ಕೆ ಪ್ರಜ್ಞೆಯಿದ್ದಂತೆ ತೋರುವುದಿಲ್ಲ. ‘ಹಾಫ್-ಲೈಫ್ 2’ರ ಶಕ್ತಿಯ ಬಹುಪಾಲು ಮೊದಲನೆಯ ಮೌನದಿಂದ ಹುಟ್ಟಿದ್ದರೆ, ಅದರ ಆಳವಾದ ದೌರ್ಬಲ್ಯ ಎರಡನೆಯದರಲ್ಲಿ ಅಡಗಿದೆ.

ಶಕ್ತಿಯಿಂದಲೇ ಆರಂಭಿಸುವುದು ನ್ಯಾಯ. ರೈಲು ನಿಲ್ದಾಣದ ಪ್ರವೇಶಭಾಗ ಇಂದಿಗೂ ಈ ಪ್ರಕಾರದ ಮಾದರಿ ಆರಂಭಗಳಲ್ಲೊಂದು. ಆಡುವವರ ಕೈಯಲ್ಲಿ ಆಯುಧವಿಲ್ಲ. ದೊಡ್ಡ ಪರದೆಯ ಮೇಲೆ ಬ್ರೀನ್ ಸ್ವಾಗತ ಕೋರುತ್ತಿದ್ದಾನೆ. ಹಾರಾಡುವ ಯಂತ್ರವೊಂದು ಮುಖದೆದುರು ಬಂದು ಛಾಯಾಚಿತ್ರ ತೆಗೆಯುತ್ತದೆ. ನೀಲಿ ಸಮವಸ್ತ್ರದ ನಾಗರಿಕರು ಪಡಿತರದ ಪೊಟ್ಟಣಕ್ಕಾಗಿ ಸಾಲಿನಲ್ಲಿ ನಿಂತಿದ್ದಾರೆ. ಇಲ್ಲಿಯ ನೀರು ಕುಡಿಯಬೇಡ, ಮರೆವು ಬರಿಸುವುದೇನನ್ನೋ ಅದರಲ್ಲಿ ಬೆರೆಸುತ್ತಾರೆ ಎಂದು ಒಬ್ಬ ತಗ್ಗಿದ ದನಿಯಲ್ಲಿ ಎಚ್ಚರಿಸುತ್ತಾನೆ. ಮುಖವಾಡ ತೊಟ್ಟ ಪೊಲೀಸನೊಬ್ಬ ತಗಡಿನ ಡಬ್ಬಿಯೊಂದನ್ನು ನೆಲಕ್ಕೆ ಕೆಡವಿ, ಎತ್ತಿ ಕಸದ ಬುಟ್ಟಿಗೆ ಹಾಕು ಎನ್ನುತ್ತಾನೆ. ಹಾಕಿದರೆ ನಕ್ಕು ದಾರಿ ಬಿಡುತ್ತಾನೆ. ಅವನ ಮೇಲೆಯೇ ಎಸೆದರೆ ಲಾಠಿ ಬೀಸುತ್ತಾನೆ. ವಸ್ತುಗಳನ್ನು ಎತ್ತುವುದು, ಎಸೆಯುವುದು ಹೇಗೆಂಬ ಪಾಠ ಆ ಅವಮಾನದೊಳಗೇ ಮುಗಿದಿರುತ್ತದೆ. ದಬ್ಬಾಳಿಕೆಯ ಕುರಿತು ಯಾರೂ ಒಂದು ವಾಕ್ಯವನ್ನೂ ಹೇಳಿಲ್ಲ. ಒಂದು ಡಬ್ಬಿಯನ್ನು ಬಗ್ಗಿ ಎತ್ತಬೇಕಾದ ಕೈಗೆ ಅದು ತಿಳಿದುಹೋಗಿದೆ.

ಈ ಪರಿಣಾಮಕ್ಕೆ ಸ್ಥಳದ ಕಲ್ಪನೆಯೂ ಕಾರಣ. ಆಟದ ಕಲಾನಿರ್ದೇಶಕ ವಿಕ್ಟರ್ ಆಂಟನೋವ್ ಹುಟ್ಟಿದ್ದು ಬಲ್ಗೇರಿಯಾದ ಸೋಫಿಯಾದಲ್ಲಿ. ಸಿಟಿ 17ರ ಹಳೆಯ ಗಾರೆ ಕಟ್ಟಡಗಳು, ಟ್ರಾಮ್ ತಂತಿಗಳು, ಸೋವಿಯತ್ ಕಾಲದ ವಸತಿ ಸಮುಚ್ಚಯಗಳು, ಮಸುಕಾದ ಸಿರಿಲಿಕ್ ಫಲಕಗಳು ಕೃತಕ ಸೆಟ್ಟಿನಂತೆ ಕಾಣುವುದಿಲ್ಲ. ಅವುಗಳ ನಡುವೆ ಸಿಟಾಡೆಲ್ ಎಂಬ ನೀಲಿಗಪ್ಪು ಲೋಹದ ಗೋಪುರ ಮುಗಿಲು ಸೀಳಿ ನಿಂತಿದೆ. ಅದೇ ಲೋಹದ ಗೋಡೆಗಳು ಬೀದಿಬೀದಿಗೆ ನುಗ್ಗಿ ಹಳೆಯ ಇಟ್ಟಿಗೆಯನ್ನು ತಿನ್ನುತ್ತಿವೆ. ಸಾಮ್ರಾಜ್ಯವೊಂದು ಊರನ್ನು ಕೆಡವದೆ, ಅದರ ಮೈಯೊಳಗೇ ಬೆಳೆಯುವ ಬಗೆ ಇದು. ವಸತಿಗೃಹಗಳ ಅಂಗಳದಲ್ಲಿ ಮಕ್ಕಳ ಆಟದ ಮೈದಾನವೊಂದು ಬರಿದಾಗಿ ನಿಂತಿದೆ. ಕಂಬೈನ್ ಆಡಳಿತ ಮನುಷ್ಯರ ಸಂತಾನೋತ್ಪತ್ತಿಯನ್ನೇ ತಡೆದಿದೆ ಎಂಬ ಸಂಗತಿ ಬ್ರೀನ್‌ನ ಪ್ರಸಾರ ಭಾಷಣವೊಂದರಿಂದ ತಿಳಿಯುತ್ತದೆ. ಕಿವಿಗೊಡದೆ ನಡೆದರೆ ತಿಳಿಯುವುದೂ ಇಲ್ಲ. ಕನ್ನಡದ ಮತ್ತು ಸಂಸ್ಕೃತದ ಕಾವ್ಯಮೀಮಾಂಸೆ ‘ಧ್ವನಿ’ ಎಂದು ಕರೆದದ್ದಕ್ಕೆ, ಎಂದರೆ ಹೇಳದೆ ಸೂಚಿಸುವ ಶಕ್ತಿಗೆ, ಈ ನಗರ ಒಳ್ಳೆಯ ನಿದರ್ಶನ.

ಎರಡನೆಯ ಶಕ್ತಿ ಕೈಗೆ ಸಂಬಂಧಿಸಿದ್ದು. ಆಟದ ನಡುವೆ ನಾಯಕನಿಗೆ ಗ್ರಾವಿಟಿ ಗನ್ ಎಂಬ ಸಲಕರಣೆ ದೊರೆಯುತ್ತದೆ. ದೂರದ ವಸ್ತುವನ್ನು ಸೆಳೆದು ಹಿಡಿಯಬಹುದು, ಬೇಕಾದೆಡೆಗೆ ಚಿಮ್ಮಿಸಬಹುದು. ಹ್ಯಾವಕ್ ಎಂಬ ಭೌತಗಣನೆಯ ತಂತ್ರಾಂಶದ ನೆರವಿನಿಂದ ಈ ಲೋಕದ ಮರ, ಕಬ್ಬಿಣ, ಪೀಪಾಯಿಗಳಿಗೆ ತಮ್ಮ ತಮ್ಮ ತೂಕವಿದೆ. ಆಲಿಕ್ಸ್ ವ್ಯಾನ್ಸ್ ಎಂಬ ಯುವತಿ ಈ ಸಲಕರಣೆಯನ್ನು ಕೈಗಿತ್ತು, ತನ್ನ ತಂದೆ ಕಟ್ಟಿದ ‘ಡಾಗ್’ ಎಂಬ ದೈತ್ಯ ಯಂತ್ರದೊಡನೆ ಚೆಂಡಾಟ ಆಡಿಸುತ್ತಾಳೆ. ಆ ಚೆಂಡಾಟವೇ ಪಾಠ. ಪಾಠ ಮುಗಿಯುತ್ತಲೇ ದಾಳಿ ನಡೆದು, ಆಡುವವರು ರೇವನ್‌ಹೋಮ್ ಎಂಬ ಹಾಳೂರಿಗೆ ಬೀಳುತ್ತಾರೆ. ಅಲ್ಲಿ ಗರಗಸದ ಚಕ್ರ, ಅನಿಲದ ಜಾಡಿ, ಬಣ್ಣದ ಡಬ್ಬಗಳೇ ಆಯುಧ. ಸ್ವಲ್ಪ ಮುಂಚೆ ವಿನೋದವಾಗಿದ್ದ ಕೌಶಲ ಈಗ ಜೀವ ಉಳಿಸುವ ಕೌಶಲ.

ಒಂದೇ ಕ್ರಿಯೆಯ ಅರ್ಥವನ್ನು ಹೀಗೆ ಮತ್ತೆಮತ್ತೆ ಬದಲಿಸುವುದು ಈ ಆಟದ ರಚನೆಯ ಗುಟ್ಟು. ಕಡಲತೀರದ ಅಧ್ಯಾಯದಲ್ಲಿ ಮರಳಿನ ಮೇಲೆ ಕಾಲಿಟ್ಟರೆ ಆಂಟ್‌ಲಯನ್ ಎಂಬ ದೈತ್ಯ ಕೀಟಗಳು ನೆಲದಿಂದೇಳುತ್ತವೆ. ಅದೇ ಗ್ರಾವಿಟಿ ಗನ್ನಿನಿಂದ ಹಲಗೆಗಳನ್ನು ಒಂದರ ಮುಂದೊಂದು ಇಡುತ್ತ ಬಂಡೆಯಿಂದ ಬಂಡೆಗೆ ದಾಟಬೇಕು. ಮುಂದಿನ ತಿರುವಿನಲ್ಲಿ ದೊಡ್ಡ ಆಂಟ್‌ಲಯನ್‌ನಿಂದ ತೆಗೆದ ವಾಸನೆಯ ಗ್ರಂಥಿ ಕೈಗೆ ಬಂದಾಗ ಆ ಕೀಟಗಳೇ ನಾಯಕನ ಸೈನ್ಯವಾಗಿ ನೋವಾ ಪ್ರಾಸ್ಪೆಕ್ಟ್ ಸೆರೆಮನೆಗೆ ಮುತ್ತಿಗೆ ಹಾಕುತ್ತವೆ. ಕೊನೆಯಲ್ಲಿ ಸಿಟಾಡೆಲ್‌ನೊಳಗೆ ಉಳಿದ ಆಯುಧಗಳೆಲ್ಲ ನಾಶವಾಗಿ, ಗ್ರಾವಿಟಿ ಗನ್ ಒಂದೇ ಶತ್ರುವಿನ ಶಕ್ತಿಯನ್ನು ಹೀರಿಕೊಂಡು ಪ್ರಬಲವಾಗುತ್ತದೆ. ಇದುವರೆಗೆ ಪೀಪಾಯಿ ಎತ್ತುತ್ತಿದ್ದುದು ಈಗ ಸೈನಿಕರನ್ನೇ ಎತ್ತಿ ಒಗೆಯುತ್ತದೆ. ಶೂಟರುಗಳಲ್ಲಿ ಸಾಮಾನ್ಯವಾಗಿ ಆಯುಧಗಳ ಸಂಖ್ಯೆ ಬೆಳೆಯುತ್ತದೆ. ಇಲ್ಲಿ ಬೆಳೆಯುವುದು ಕೈ ಮತ್ತು ಲೋಕದ ಸಂಬಂಧ.

ಮೂರನೆಯ ಶಕ್ತಿ, ಉತ್ತರಭಾಗವಾಗಿ ಇದು ಪೂರ್ವಭಾಗವನ್ನು ಮರುಓದಿಗೆ ಒಡ್ಡುವ ರೀತಿ. ಮೊದಲ ಆಟದಲ್ಲಿ ವೋರ್ಟಿಗಾಂಟ್ ಎಂಬ ಒಂಟಿಗಣ್ಣು ಪ್ರಧಾನವಾಗಿ ಎದ್ದು ಕಾಣುವ ಜೀವಿಗಳು ಕೊಲ್ಲಬೇಕಾದ ಶತ್ರುಗಳು. ಅವುಗಳ ಕೊರಳಿನ ಪಟ್ಟಿ, ಕೈಯ ಬೇಡಿಗಳು ಅಂದು ಬರಿಯ ವೇಷಭೂಷಣದಂತೆ ಕಂಡಿದ್ದವು. ಅವು ಗುಲಾಮರ ಜನಾಂಗವಾಗಿದ್ದವು, ಇಂದು ಮನುಷ್ಯರೊಂದಿಗೆ ಸಾಮ್ರಾಜ್ಯದ ವಿರುದ್ಧ ನಿಂತಿವೆ ಎಂಬುದು ಉತ್ತರಭಾಗದಲ್ಲಿ ಸ್ಪಷ್ಟವಾಗುತ್ತದೆ. ತಮ್ಮವರನ್ನು ಕೊಂದವನನ್ನೇ ಅವು ಬಿಡುಗಡೆ ತಂದವನೆಂದು ಗೌರವಿಸುತ್ತವೆ. ಅವನ ಹೆಸರನ್ನು ಒಡೆದು ‘ಮುಕ್ತ ಮನುಷ್ಯ’ ಎಂಬ ಬಿರುದಾಗಿ ಬಳಸುತ್ತವೆ. ಹಿಂದಿನ ಆಟದಲ್ಲಿ ಗುಂಡು ಹಾರಿಸಿದ ಕೈಗೆ ಇದು ಸುಲಭವಾಗಿ ಸ್ವೀಕರಿಸಬಹುದಾದ ಗೌರವವಲ್ಲ. ಪಾತ್ರಗಳನ್ನು ಮುಂದುವರಿಸುವ ಉತ್ತರಭಾಗಗಳು ಬಹಳ. ಪೂರ್ವಭಾಗದ ಅರ್ಥವನ್ನೇ ಕದಲಿಸುವಂಥವು ಕಡಿಮೆ.

ಇಷ್ಟಾಗಿಯೂ ಕೃತಿ ಸಮತೂಕದ್ದಲ್ಲ. ಕಾಲುವೆಗಳಲ್ಲಿ ದೋಣಿ ಓಡಿಸುವ ಅಧ್ಯಾಯ ಅಗತ್ಯಕ್ಕಿಂತ ದೀರ್ಘ. ಕರಾವಳಿಯ ರಸ್ತೆಯಲ್ಲಿ ಗಾಡಿ ಓಡಿಸುವ ಭಾಗ ಏಕಾಂತದ ಒಳ್ಳೆಯ ಚಿತ್ರಗಳನ್ನು ಕೊಟ್ಟರೂ ಇಳಿದು, ಗುಂಡು ಹಾರಿಸಿ, ಮತ್ತೆ ಹತ್ತುವ ಕ್ರಮ ಯಾಂತ್ರಿಕವಾಗುತ್ತದೆ. ಏರುಹಲಗೆಯ ಒಂದು ತುದಿಗೆ ಇಟ್ಟಿಗೆ ಪೇರಿಸಿ ಇನ್ನೊಂದು ತುದಿಯಿಂದ ಏರುವಂಥ ಒಗಟುಗಳು ಭೌತಗಣನೆಯ ಪ್ರದರ್ಶನವಾಗಿ ಉಳಿಯುತ್ತವೆ. ಮೊದಲ ಆಟದ ಸೈನಿಕರು ತಂಡವಾಗಿ ಸುತ್ತುವರಿದು ಆಡುವವರನ್ನು ಬೆರಗುಗೊಳಿಸಿದ್ದರು. ಇಲ್ಲಿಯ ಕಂಬೈನ್ ಸೈನಿಕರು ಆ ಮಟ್ಟದ ಚಾತುರ್ಯ ತೋರುವ ಸಂದರ್ಭಗಳು ವಿರಳ. ಬೀದಿಕಾಳಗದ ಅಧ್ಯಾಯಗಳಲ್ಲಿ ಬಂಡುಕೋರರ ತಂಡವೊಂದು ನಾಯಕನನ್ನು ಹಿಂಬಾಲಿಸುತ್ತದೆ. ಕಿರಿದಾದ ಓಣಿಗಳಲ್ಲಿ ಅವರು ದಾರಿಗೆ ಅಡ್ಡವಾಗುತ್ತಾರೆ, ಸಾಯುತ್ತಾರೆ, ಅವರ ಜಾಗಕ್ಕೆ ಹೆಸರಿಲ್ಲದ ಇನ್ನೊಬ್ಬರು ಬರುತ್ತಾರೆ. ಜನಬಂಡಾಯದ ಕಥೆ ಹೇಳುವ ಕೃತಿಯಲ್ಲಿ ಜನರೇ ಹೀಗೆ ಬದಲಿ ಬಿಡಿಭಾಗಗಳಾಗುವುದು ಬರಿಯ ತಾಂತ್ರಿಕ ದೋಷವಲ್ಲ.

ನಾಯಕನ ಮೌನವನ್ನೂ ಇದೇ ನೆಲೆಯಲ್ಲಿ ಪರಿಶೀಲಿಸಬೇಕು. ಆಡುವವರಿಗೂ ಪಾತ್ರಕ್ಕೂ ನಡುವೆ ಮೂರನೆಯ ದನಿ ಬಾರದಿರಲಿ ಎಂಬುದು ಅದರ ತರ್ಕ. ಕ್ಯಾಮೆರಾ ಕಣ್ಣಿನಿಂದ ಹೊರಗೆ ಹೋಗದು. ಇತರರು ಮಾತನಾಡುವಾಗಲೂ ಕೋಣೆಯಲ್ಲಿ ತಿರುಗಾಡುವ ಸ್ವಾತಂತ್ರ್ಯವಿದೆ. ಮುಖದ ಸ್ನಾಯುಗಳ ಕುರಿತ ಪಾಲ್ ಎಕ್ಮನ್‌ರ ಅಧ್ಯಯನಗಳನ್ನು ಆಧರಿಸಿ ರೂಪಿಸಿದ ಪಾತ್ರಗಳ ಮುಖಭಾವ ಆ ಕಾಲಕ್ಕೆ ಅಪೂರ್ವವಾಗಿತ್ತು. ಆಲಿಕ್ಸ್ ನಾಯಕನತ್ತ ನೋಡುವಾಗ ಅವಳ ಕಣ್ಣಿನಲ್ಲಿ ನಿಜವಾಗಿಯೂ ಒಬ್ಬ ಕೇಳುಗನ ನಿರೀಕ್ಷೆಯಿದೆ. ಆದರೆ ಉತ್ತರ ಬಾರದು. ನೀನು ಮಿತಭಾಷಿ ಎಂದು ಅವಳು ಹಾಸ್ಯ ಮಾಡುವಾಗ ಕೃತಿಯೇ ತನ್ನ ತಂತ್ರದ ಬಿಗಿತವನ್ನು ನಗೆಯಲ್ಲಿ ಸಡಿಲಿಸಿಕೊಳ್ಳುತ್ತದೆ.

ಆ ನಗೆ ಎಲ್ಲೆಡೆ ಸಾಲುವುದಿಲ್ಲ. ಸಿಟಾಡೆಲ್‌ನ ಕೊನೆಯ ಭಾಗದಲ್ಲಿ ಬ್ರೀನ್ ನೇರವಾಗಿ ಪ್ರಶ್ನಿಸುತ್ತಾನೆ: ನೀನು ಇಷ್ಟೆಲ್ಲ ನಾಶ ಮಾಡಿರುವೆ, ಕಟ್ಟಿದ್ದು ಏನು? ಖಳನ ಬಾಯಿಂದ ಬಂದರೂ ಇದು ಇಡೀ ಶೂಟರ್ ಪ್ರಕಾರವನ್ನೇ ಕುರಿತ ನೈತಿಕ ಪ್ರಶ್ನೆ. ಮೌನಿ ನಾಯಕನಿಗೆ ಅದನ್ನು ಒಪ್ಪಲೂ ಬಾರದು, ನಿರಾಕರಿಸಲೂ ಬಾರದು. ಆಡುವವರಿಗೂ ಬೇರೆ ಆಯ್ಕೆಯಿಲ್ಲ. ಮೇಲಿನ ಯಂತ್ರವನ್ನು ಒಡೆಯಲೇಬೇಕು. ಯಂತ್ರ ಒಡೆದ ಕ್ಷಣದಲ್ಲೇ ಜಿ-ಮ್ಯಾನ್ ಕಾಲವನ್ನು ನಿಲ್ಲಿಸಿ ಅವನನ್ನು ಮರಳಿ ಕೊಂಡೊಯ್ಯುತ್ತಾನೆ. ಮುಕ್ತ ಮನುಷ್ಯ ಯಾರದೋ ಊಳಿಗದವನು ಎಂಬ ವ್ಯಂಗ್ಯ ಅಲ್ಲಿ ಪೂರ್ಣವಾಗುತ್ತದೆ. ವ್ಯಂಗ್ಯ ತೀಕ್ಷ್ಣವಾದುದೇ. ಆದರೆ ನಗರದ ಜನರ ಗತಿ, ಆಲಿಕ್ಸಳ ಗತಿ ಎಲ್ಲವೂ ಅರ್ಧಕ್ಕೇ ತೂಗಾಡುತ್ತವೆ. 2006 ಮತ್ತು 2007ರ ಎರಡು ಕಿರು ಮುಂದುವರಿಕೆಗಳು ಕಥೆಯನ್ನು ಮುಂದೊಯ್ದರೂ ಎರಡನೆಯದೂ ಮತ್ತೆ ಅರ್ಧಕ್ಕೇ ನಿಂತಿತು.

ಈಗ ನಗರದ ಮೌನಕ್ಕೆ ಬರಬೇಕು. ಸಿಟಿ 17ರ ಫಲಕಗಳು ಸಿರಿಲಿಕ್‌ನಲ್ಲಿವೆ. ಅದರ ಬೀದಿಗಳಲ್ಲಿ ಕೇಳುವುದೆಲ್ಲ ಅಮೆರಿಕನ್ ಇಂಗ್ಲಿಷ್. ಮನೆಯೊಳಗೆ ಪಿಸುಗುಡುವ ಗಂಡ ಹೆಂಡಿರಿಗೂ, ಗುಂಡು ತಗುಲಿ ಸಾಯುವವನಿಗೂ, ಬಂಡುಕೋರರಿಗೂ ಅದೊಂದೇ ಭಾಷೆ. ರೇವನ್‌ಹೋಮ್‌ನ ಪಾದ್ರಿ ಗ್ರಿಗೋರಿಯ ಹೆಸರು, ಉಚ್ಚಾರಣೆಗಳು ಪೂರ್ವ ಯೂರೋಪಿನವು, ಭಾಷೆ ಅಲ್ಲ. ಫಲಕದ ಮೇಲಿನ ಲಿಪಿಯೂ ಕಚೇರಿಯ ಕಿಟಕಿಯಲ್ಲಿ ಕೇಳುವ ಮಾತೂ ಒಂದೇ ಅಲ್ಲ ಎಂಬುದನ್ನು ಕಾಸರಗೋಡು, ತಾಳವಾಡಿ, ಸೊಲ್ಲಾಪುರಗಳ ದ್ವಿಭಾಷಿಕ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಲಿಪಿ ಅಲಂಕಾರವಾಗಿ ಉಳಿದು ಮಾತು ಮಾಯವಾದ ಊರು ಭಾಷಾ ಅಲ್ಪಸಂಖ್ಯಾತರ ಕಣ್ಣಿಗೆ ವಿಜ್ಞಾನಕಥೆಯಲ್ಲ.

ಇದು ಹೆಚ್ಚು ಕಾಡುವುದಕ್ಕೆ ಕಾರಣವಿದೆ: ಭಾಷೆ ಅಧಿಕಾರದ ಸಾಧನ ಎಂಬುದನ್ನು ಈ ಆಟ ಚೆನ್ನಾಗಿ ಬಲ್ಲದು. ಕಂಬೈನ್‌ನ ಧ್ವನಿವರ್ಧಕದಲ್ಲಿ ಎಲೆನ್ ಮೆಕ್ಲೇನ್ ಅವರ ದನಿಯಲ್ಲಿ ಹೊಮ್ಮುವ ಆದೇಶಗಳ ಪದಕೋಶ ವೈದ್ಯಶಾಸ್ತ್ರದ್ದು. ಬಂಡುಕೋರರು ಸೋಂಕು, ಕೊಲೆ ಎಂದರೆ ಅಂಗಚ್ಛೇದನ, ದಮನವೆಂದರೆ ಶುಚಿಗೊಳಿಸುವಿಕೆ. ಸಮಾಜವನ್ನು ರೋಗಿಯ ದೇಹವಾಗಿ ಕಾಣುವ ಆಡಳಿತದ ನುಡಿಗಟ್ಟನ್ನು ಇಷ್ಟು ತಣ್ಣಗೆ ಕೇಳಿಸಿದ ಕೃತಿಗಳು ಆಟಗಳಲ್ಲಿ ಮಾತ್ರವಲ್ಲ, ಇತರ ಮಾಧ್ಯಮಗಳಲ್ಲೂ ಹೆಚ್ಚಿಲ್ಲ. ಆಳುವವರ ಭಾಷೆಯನ್ನು ಇಷ್ಟು ಸೂಕ್ಷ್ಮವಾಗಿ ಕಲ್ಪಿಸಿದ ಕೃತಿಯು ಆಳಿಸಿಕೊಳ್ಳುವವರ ಭಾಷೆಯ ಕಡೆಗೆ ಕಿವಿಯನ್ನೇ ಕೊಟ್ಟಿಲ್ಲ. ಭಾಷೆಗಳ ಜೀವಂತಿಕೆಯನ್ನು ಅಳೆಯಲು ಯುನೆಸ್ಕೋ ತಜ್ಞರ ತಂಡ 2003ರಲ್ಲಿ ಸೂಚಿಸಿದ ಒಂಬತ್ತು ಅಂಶಗಳಲ್ಲಿ ಮೊದಲನೆಯದು, ಭಾಷೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುತ್ತಿದೆಯೇ ಎಂಬುದು. ಸಿಟಿ 17ರಲ್ಲಿ ಮಕ್ಕಳಿಲ್ಲ. ಅಲ್ಲಿಯ ಪ್ರತಿಯೊಬ್ಬನೂ ತನ್ನ ಭಾಷೆಯ ಕೊನೆಯ ತಲೆಮಾರಿನವನು. ಬರಿದಾದ ಆಟದ ಮೈದಾನವನ್ನು ಚಿತ್ರಿಸಿದ ಕಲ್ಪನೆಗೆ ಈ ಇನ್ನೊಂದು ಬರಿದುತನವನ್ನು ಕಾಣಲು ಒಂದೇ ಹೆಜ್ಜೆ ಸಾಕಿತ್ತು.

ಇದಕ್ಕೆ ಆಕ್ಷೇಪಗಳಿವೆ. ವಾಣಿಜ್ಯ ಕೃತಿಯೊಂದು ಮಾರುಕಟ್ಟೆಯ ಭಾಷೆಯಲ್ಲಿ ಮಾತನಾಡುವುದು ರೂಢಿ. ರಂಗದ ಮೇಲೆ ಯಾವ ನಾಡಿನ ರಾಜನಾದರೂ ಪ್ರೇಕ್ಷಕರ ಭಾಷೆಯನ್ನೇ ಆಡುವುದಿಲ್ಲವೇ? ಹೌದು. ಆದರೆ ‘ಹಾಫ್-ಲೈಫ್ 2’ ರಂಗರೂಢಿಯನ್ನು ಒಪ್ಪುವ ಕೃತಿಯಲ್ಲ. ಕ್ಯಾಮೆರಾ, ದೃಶ್ಯವಿಭಜನೆ, ನಿರೂಪಕ ಎಂಬ ರೂಢಿಗಳನ್ನೆಲ್ಲ ತೊರೆದು, ಕಣ್ಣಿಗೆ ಕಂಡದ್ದೇ ಲೋಕ ಎಂದು ಅದು ಹಟ ಹಿಡಿದಿದೆ. ಕಣ್ಣಿಗೆ ಅನ್ವಯಿಸಿದ ನಿಯಮ ಕಿವಿಗೇಕೆ ಇಲ್ಲ ಎಂದು ಕೇಳಲು ಅದೇ ಅವಕಾಶ ಕೊಟ್ಟಿದೆ. ಇನ್ನೊಂದು ಸಮರ್ಥನೆ ಹೆಚ್ಚು ತೂಕದ್ದು: ನಗರದ ಜನ ಬೇರೆ ಬೇರೆ ಕಡೆಗಳಿಂದ ಸ್ಥಳಾಂತರಗೊಂಡವರು, ಆದ್ದರಿಂದ ಇಂಗ್ಲಿಷ್ ಅವರ ಸಂಪರ್ಕಭಾಷೆ. ಆದರೆ ಸಂಪರ್ಕಭಾಷೆಯಿರುವ ಊರಿನಲ್ಲಿ ಅದು ಬೆರೆತ, ಮುರಿದ, ನೂರು ಉಚ್ಚಾರಣೆಗಳ ರೂಪದಲ್ಲಿ ಕೇಳುತ್ತದೆ. ಮನೆಯ ಒಳಗೊಂದು ಭಾಷೆ, ಬೀದಿಯಲ್ಲೊಂದು ಎಂಬ ಭೇದ ಕಾಣುತ್ತದೆ. ಆಟದಲ್ಲಿ ಒಳಗೂ ಹೊರಗೂ ಒಂದೇ ಮಟ್ಟಸವಾದ ಮಾತು. ರಷ್ಯನ್, ಫ್ರೆಂಚ್, ಜರ್ಮನ್ ಮೊದಲಾದ ಭಾಷೆಗಳ ಡಬ್ಬಿಂಗ್ ಆವೃತ್ತಿಗಳೂ ಇದನ್ನು ಸರಿಪಡಿಸುವುದಿಲ್ಲ. ಒಂದು ಏಕಭಾಷಿಕತೆಯ ಜಾಗದಲ್ಲಿ ಇನ್ನೊಂದನ್ನು ತಂದು ನಿಲ್ಲಿಸುತ್ತವೆ.

ಬೇರೆ ದಾರಿ ಇತ್ತೆಂಬುದಕ್ಕೆ ಆಟದೊಳಗೇ ಸಾಕ್ಷಿಯಿದೆ. ವೋರ್ಟಿಗಾಂಟರು ಮನುಷ್ಯರೊಡನೆ ಆಡುವ ಇಂಗ್ಲಿಷ್ ಗ್ರಾಂಥಿಕವಾದದ್ದು, ಕಲಿತ ಭಾಷೆಯ ಎಚ್ಚರವುಳ್ಳದ್ದು. ಲೂಯಿ ಗಾಸೆಟ್ ಜೂನಿಯರ್ ಅವರ ದನಿ ಅದಕ್ಕೆ ಘನತೆಯನ್ನು ಕೊಟ್ಟಿದೆ. ಅವರಿಗೆ ತಮ್ಮದೇ ಆದ ಇನ್ನೊಂದು ಸಂವಹನ ಕ್ರಮವಿದೆ; ಅದು ಅರಿಯದವರ ಎದುರು ಅದನ್ನು ಬಳಸುವುದು ಅಸಭ್ಯವೆಂದು ಅವರು ಭಾವಿಸುತ್ತಾರೆ. ಅನ್ಯಭಾಷಿಕರ ನಡುವೆ ತಾಯ್ನುಡಿಯನ್ನು ತಗ್ಗಿಸಿಕೊಳ್ಳುವ ಅಲ್ಪಸಂಖ್ಯಾತರ ಸಂಕೋಚ ಇದಕ್ಕಿಂತ ನಿಖರವಾಗಿ ಆಟವೊಂದರಲ್ಲಿ ಮೂಡಿದ್ದು ಕಡಿಮೆ. ಒಮ್ಮೆ ವೋರ್ಟಿಗಾಂಟ್ ಒಬ್ಬ ತಮ್ಮ ಶ್ರೇಷ್ಠ ಕವಿಯ ಸಾಲೊಂದನ್ನು ತಮ್ಮ ಭಾಷೆಯಲ್ಲೇ ಉದ್ಧರಿಸುತ್ತಾನೆ. ಅದಕ್ಕೆ ಅನುವಾದ ಕೊಡುವುದಿಲ್ಲ. ಹಲವರು ಇದನ್ನು ತಮಾಷೆಯೆಂದು ದಾಟಿ ಹೋಗಬಹುದು. ಆದರೆ ಅನ್ಯಲೋಕದ ಗುಲಾಮ ಜನಾಂಗಕ್ಕೆ ಭಾಷೆಯಿದೆ, ಕವಿಯಿದ್ದಾನೆ, ಅನುವಾದಕ್ಕೆ ಸಿಗದ ಕಾವ್ಯವಿದೆ. ಅದೇ ಕೃತಿಯ ಮನುಷ್ಯರಿಗೆ, ಅವರ ಗೋಡೆಯ ಮೇಲಿನ ಲಿಪಿಗೆ, ಓದುವ ಒಂದು ದನಿಯೂ ಇಲ್ಲ.

ಈ ಕೊರತೆಯಿಂದ ‘ಹಾಫ್-ಲೈಫ್ 2’ರ ಸ್ಥಾನ ಕುಂದುವುದಿಲ್ಲ. ಸ್ಥಳದ ಮೂಲಕ ಕಥನ, ಕೈಯ ಮೂಲಕ ಅರ್ಥ, ಪೂರ್ವಭಾಗದ ಮರುಓದು ಎಂಬ ಮೂರರಲ್ಲೂ ಅದು ಸಾಧಿಸಿದ್ದನ್ನು ಮುಂದಿನ ಎಷ್ಟೋ ಶೂಟರುಗಳು ಅನುಸರಿಸಿದವು. ಆದರೆ ಒಂದು ಊರನ್ನು ಕಣ್ಣಿಗೆ ಕಟ್ಟುವಂತೆ ಕಟ್ಟುವುದಕ್ಕೂ ಅದನ್ನು ಕೇಳಿಸುವುದಕ್ಕೂ ವ್ಯತ್ಯಾಸವಿದೆ. ಕಾವ್ಯಮೀಮಾಂಸೆಯ ಅರ್ಥದಲ್ಲಿ ಧ್ವನಿಯುಳ್ಳ ಈ ನಗರಕ್ಕೆ ನಿತ್ಯದ ಅರ್ಥದಲ್ಲಿ ಧ್ವನಿಯಿಲ್ಲ. ಗಾರ್ಡನ್ ಫ್ರೀಮನ್ ಮೌನವಾಗಿರುವುದು ಆಡುವವರು ಅವನ ಜಾಗದಲ್ಲಿ ನಿಲ್ಲಲಿ ಎಂದು. ಸಿಟಿ 17ರ ಜನ ತಮ್ಮ ಮಾತಿಲ್ಲದೆ ಇರುವುದಕ್ಕೆ ಅಂಥ ಕಾರಣವೊಂದು ಕೃತಿಯಲ್ಲಿ ಸಿಗುವುದಿಲ್ಲ. ಆಟಗಳನ್ನು ಕಥನವಾಗಿ ಓದುವ ವಿಮರ್ಶೆ ಈ ಎರಡು ಮೌನಗಳನ್ನು ಒಂದೇ ಎಂದು ಎಣಿಸಬಾರದು.